ಒರಿಜಿನಲ್ಲೋ ಡೂಪ್ಲಿಕೇಟೋ: ರಿಪೇರಿ ಬಿಡಿಭಾಗ ಕೊಳ್ಳುವವರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ವಿಷಯದ್ದು. ರಿಪೇರಿಗೆಂದು ತಂದ ಟ್ರಾನ್ಸಿಸ್ಟರ್, ಐಸಿ, ಕೆಪಾಸಿಟರ್ ಅಸಲಿಯೋ ನಕಲಿಯೋ ಎಂದು ತಿಳಿಯುವುದು ಹೇಗೆ? ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಕೊಟ್ಟಿದ್ದೇವೆ.

ಪ್ರಶ್ನೆ: ಆಂಪ್ಲಿಫೈಯರ್‌ನ ಔಟ್‌ಪುಟ್‌ಗೆ ಹೊಸ 2ಎಸ್‌ಸಿ 5200 ಮತ್ತು 2ಎಸ್‌ಎ 1943 ಜೋಡಿ ಹಾಕಿದೆ. ಮಲ್ಟಿಮೀಟರ್‌ನಲ್ಲಿ ಎರಡೂ ಸರಿಯಾಗಿಯೇ ತೋರಿಸಿದ್ದವು. ಕಡಿಮೆ ವಾಲ್ಯೂಮ್‌ನಲ್ಲಿ ಚೆನ್ನಾಗಿ ಹಾಡಿತು, ಏರಿಸಿದ ಕೂಡಲೇ ಎರಡೂ ಶಾರ್ಟ್. ಇದು ಡೂಪ್ಲಿಕೇಟ್ ಮಾಲು ಅಂತ ಖಚಿತವಾಗಿ ಹೇಳಬಹುದೇ?

ಉತ್ತರ: ಇಷ್ಟರಿಂದಲೇ ಹೇಳಲಾಗದು. ಡ್ರೈವರ್ ಟ್ರಾನ್ಸಿಸ್ಟರ್ ಲೀಕ್ ಇದ್ದರೆ, ಬಯಾಸ್ (ಹಾಡಿಲ್ಲದಾಗಲೂ ಹರಿಯುವ ಕರೆಂಟ್) ಹೆಚ್ಚಿದ್ದರೆ, ಎಮಿಟರ್ ರೆಸಿಸ್ಟರ್‌ಗಳಲ್ಲಿ ಒಂದು ಓಪನ್ ಆಗಿದ್ದರೆ ಅಥವಾ ಹೀಟ್‌ಸಿಂಕ್‌ಗೆ ಕರೆಂಟ್ ದಾಟದಂತೆ ತಡೆಯುವ ಮೈಕಾ ಹಾಳೆ ಹರಿದಿದ್ದರೆ ಅಸಲಿ ಟ್ರಾನ್ಸಿಸ್ಟರ್ ಕೂಡ ಹೀಗೇ ಸುಟ್ಟುಹೋಗುತ್ತದೆ. ಮೊದಲು ಆ ನಾಲ್ಕನ್ನೂ ನೋಡಿ. ಅವೆಲ್ಲ ಸರಿಯಿದ್ದು, ಇನ್ನೊಂದು ಜೋಡಿಗೂ ಅದೇ ಗತಿ ಬಂದರೆ ಅನುಮಾನ ಮಾಲಿನ ಮೇಲೆ ಹೋಗಲಿ. ಈ ಜೋಡಿ ಅತಿ ಹೆಚ್ಚು ನಕಲಾಗುವ ಟ್ರಾನ್ಸಿಸ್ಟರ್‌ಗಳ ಸಾಲಿನಲ್ಲಿದೆ.

ತೋಷಿಬಾದ ಈ ಟ್ರಾನ್ಸಿಸ್ಟರ್‌ಗಳು 230 ವೋಲ್ಟ್, 15 ಆಂಪ್, 150 ವಾಟ್‌ನವು. ಅಷ್ಟು ತಾಳಿಕೊಳ್ಳಲು ಒಳಗಿನ ಸಿಲಿಕಾನ್ ತುಂಡು ಅಗಲವಾಗಿರಬೇಕು. ದುಡ್ಡು ಬೀಳುವುದೇ ಆ ಅಗಲಕ್ಕೆ. ನಕಲಿ ಮಾಡುವವರು ಎಲ್ಲೋ ಸಿಕ್ಕ ಸಣ್ಣ ಟ್ರಾನ್ಸಿಸ್ಟರಿನ ತುಂಡನ್ನು ದೊಡ್ಡ ಪ್ಯಾಕೇಜಿನೊಳಗೆ ಕೂರಿಸಿ ಮೇಲೆ ನಂಬರ್ ಹೊಡೆಯುತ್ತಾರೆ. ಸಣ್ಣ ತುಂಡಿನಿಂದ ಶಾಖ ಲೋಹದ ತಳಕ್ಕೆ ಇಳಿಯಲು ಜಾಗ ಸಾಲದು. ಹೀಟ್‌ಸಿಂಕ್ ಇನ್ನೂ ತಣ್ಣಗಿರುವಾಗಲೇ ಒಳಗೆ ಸಿಲಿಕಾನ್ ಕರಗಿರುತ್ತದೆ. ಮಲ್ಟಿಮೀಟರ್‌ನ ಡಯೋಡ್ ರೇಂಜ್ ನೋಡುವುದು ಮಿಲಿಆಂಪ್ ಲೆಕ್ಕದ ಕರೆಂಟಿನಲ್ಲಿ, ಅಲ್ಲಿ ಸಣ್ಣದೂ ಪಾಸ್, ದೊಡ್ಡದೂ ಪಾಸ್.

ಸಿಲಿಕಾನಿನ ಅಗಲವನ್ನು ಒಡೆಯದೆಯೇ ಅಂದಾಜು ಮಾಡಲು ಒಂದು ಉಪಾಯವಿದೆ. ಕೆಪಾಸಿಟೆನ್ಸ್ ಅಳೆಯುವ ಮೀಟರನ್ನು ಬೇಸ್ ಮತ್ತು ಕಲೆಕ್ಟರ್ ನಡುವೆ ಇಡಿ, ಎಮಿಟರ್ ಖಾಲಿ ಇರಲಿ. ತಯಾರಕರು ಕೊಡುವ ವಿವರಪಟ್ಟಿ, ಅಂದರೆ ಡೇಟಾಶೀಟಿನಲ್ಲಿ 5200ಕ್ಕೆ 200 ಪಿಕೋಫ್ಯಾರಡ್, 1943ಕ್ಕೆ 360 ಪಿಕೋಫ್ಯಾರಡ್ ಎಂದಿದೆ. ಆದರೆ ಆ ಅಂಕಿ 10 ವೋಲ್ಟ್ ರಿವರ್ಸ್ ಕೊಟ್ಟು ಅಳೆದದ್ದು. ನಿಮ್ಮ ಮೀಟರ್ ಹೆಚ್ಚುಕಡಿಮೆ ಶೂನ್ಯ ವೋಲ್ಟಿನಲ್ಲಿ ಅಳೆಯುತ್ತದೆ. ವೋಲ್ಟೇಜ್ ಇಳಿದಂತೆ ಜಂಕ್ಷನ್ನಿನ ಕೆಪಾಸಿಟೆನ್ಸ್ ಏರುವುದರಿಂದ ನಿಮಗೆ ಡೇಟಾಶೀಟಿಗಿಂತ ಸಾಕಷ್ಟು ಹೆಚ್ಚೇ ಬರಬೇಕು. ಡೇಟಾಶೀಟಿನ ಅಂಕಿಗಿಂತ ಕಡಿಮೆ ಬಂತೋ, ಒಳಗಿನ ತುಂಡು ಸಣ್ಣದು. ಹಳೆಯ ಬೋರ್ಡಿನಿಂದ ತೆಗೆದ, ಕಂಪನಿಯೇ ಹಾಕಿದ್ದ ಒಳ್ಳೆಯ ಪೀಸ್ ಇದ್ದರೆ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ.

ಪೂರ್ತಿ ಖಾತ್ರಿ ಬೇಕಿದ್ದರೆ ಶಾಖದ ಪರೀಕ್ಷೆ. 5200 ಅನ್ನು ಮೈಕಾ, ಪೇಸ್ಟ್ ಸಮೇತ ದೊಡ್ಡ ಹೀಟ್‌ಸಿಂಕ್‌ಗೆ ಬಿಗಿಯಿರಿ. ಕಲೆಕ್ಟರಿಗೆ 24 ವೋಲ್ಟ್, ಸಪ್ಲೈಯ ಕರೆಂಟ್ ಲಿಮಿಟ್ 3 ಆಂಪ್. ಎಮಿಟರಿನಿಂದ ನೆಗೆಟಿವ್‌ಗೆ 1 ಓಮ್ 10 ವಾಟ್ ರೆಸಿಸ್ಟರ್. ಬೇಸಿಗೆ ಇನ್ನೊಂದು ಸಪ್ಲೈಯಿಂದ 47 ಓಮ್ ರೆಸಿಸ್ಟರ್ ಮೂಲಕ ಕೊಡಿ, ಎರಡೂ ಸಪ್ಲೈಗಳ ನೆಗೆಟಿವ್ ಒಂದೇ ಇರಲಿ. ಎರಡನೇ ಸಪ್ಲೈಯನ್ನು ಸೊನ್ನೆಯಿಂದ ನಿಧಾನ ಏರಿಸುತ್ತ 1 ಓಮ್ ಮೇಲೆ 2 ವೋಲ್ಟ್ ಬರುವಲ್ಲಿ ನಿಲ್ಲಿಸಿ. ಈಗ 2 ಆಂಪ್ ಹರಿಯುತ್ತಿದೆ, ಟ್ರಾನ್ಸಿಸ್ಟರ್ ಮೇಲೆ ಉಳಿದಿರುವುದು 22 ವೋಲ್ಟ್, ಅಂದರೆ 44 ವಾಟ್. 150 ವಾಟಿನ ಅಸಲಿಗೆ ಇದು ಲೆಕ್ಕಕ್ಕೇ ಇಲ್ಲ, ಹತ್ತು ನಿಮಿಷ ಬಿಟ್ಟರೂ ಕೂತಿರುತ್ತದೆ. ನಕಲಿಯಾದರೆ ಸೆಕೆಂಡುಗಳಲ್ಲಿ, ಇಲ್ಲವೇ ಒಂದೆರಡು ನಿಮಿಷದಲ್ಲಿ ಕರೆಂಟ್ ಜಿಗಿದು ಲಿಮಿಟ್ ಮುಟ್ಟುತ್ತದೆ. 1943ಕ್ಕೆ ಇದೇ ಜೋಡಣೆ, ಪ್ಲಸ್ ಮೈನಸ್ ಅದಲುಬದಲು.

ಇದಕ್ಕೆಂದೇ ಔಟ್‌ಪುಟ್ ಟ್ರಾನ್ಸಿಸ್ಟರ್ ತರುವಾಗ ಬೇಕಾದ್ದಕ್ಕಿಂತ ಎರಡು ಹೆಚ್ಚು ತನ್ನಿ. ಒಂದನ್ನು ಸುಡಲಿಕ್ಕೆಂದೇ ಎತ್ತಿಡುವುದು ದಂಡ ಅನ್ನಿಸಬಹುದು, ಆದರೆ ಔಟ್‌ಪುಟ್ ಶಾರ್ಟ್ ಆಗಿ ಸ್ಪೀಕರಿಗೆ ಡಿಸಿ ಹೋದರೆ ಆಗುವ ದಂಡ ಇನ್ನೂ ದೊಡ್ಡದು.

ಪ್ರಶ್ನೆ: ಐಸಿಯ ಮೇಲಿನ ಬರಹವನ್ನು ಅಸಿಟೋನ್‌ನಿಂದ ಒರೆಸಿ ನೋಡಬೇಕಂತೆ. ಒರೆಸಿದೆ, ಅಕ್ಷರ ಅಳಿಸಿಹೋಯಿತು. ಹಾಗಾದರೆ ಅದು ನಕಲಿಯೇ?

ಉತ್ತರ: ಹತ್ತಿಗೆ ಯಾವ ಬಣ್ಣ ಹತ್ತಿತು ಎನ್ನುವುದರ ಮೇಲಿದೆ. ಬಿಳಿ ಅಕ್ಷರ ಮಾತ್ರ ಅಳಿಸಿ ಹತ್ತಿ ಬಿಳಿಯಾಗಿಯೇ ಉಳಿದರೆ ಅದೊಂದೇ ಸಾಕ್ಷಿ ಸಾಲದು. ಹಿಂದೆ ಅಸಲಿ ಐಸಿಗಳಿಗೂ ಶಾಯಿಯಲ್ಲೇ ಮುದ್ರೆ ಹಾಕುತ್ತಿದ್ದರು, ಅವುಗಳಲ್ಲಿ ಕೆಲವು ಅಸಿಟೋನಿಗೆ ಬಿಟ್ಟುಕೊಡುತ್ತವೆ. ಲೇಸರಿನಲ್ಲಿ ಕೊರೆದ ಬರಹ ಹೋಗುವುದಿಲ್ಲ. ಹತ್ತಿ ಕಪ್ಪಾಯಿತೋ, ಆಗ ಸಂಗತಿ ಬೇರೆ. ಐಸಿಯ ಮೈ ಎಪಾಕ್ಸಿ, ಅದು ಅಸಿಟೋನಿಗೆ ಕರಗುವುದಿಲ್ಲ. ಕರಗಿದ್ದು ಮೇಲೆ ಬಳಿದ ಕಪ್ಪು ಬಣ್ಣ. ಹಳೆಯ ಬರಹವನ್ನು ಉಜ್ಜಿ ತೆಗೆದು, ಉಜ್ಜಿದ ಗುರುತು ಮುಚ್ಚಲು ಬಣ್ಣ ಬಳಿದು, ಅದರ ಮೇಲೆ ಹೊಸ ನಂಬರ್ ಹೊಡೆದಿದ್ದಾರೆ ಎಂದರ್ಥ.

ಈಗ ಬರುವ ಕೆಲವು ಬಣ್ಣಗಳು ಅಸಿಟೋನಿಗೂ ಜಗ್ಗುವುದಿಲ್ಲ. ಆದ್ದರಿಂದ ಒರೆಸಿ ಏನೂ ಬರಲಿಲ್ಲ ಎಂದಾಕ್ಷಣ ಅಸಲಿ ಎಂದು ನಂಬಬೇಡಿ. 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ಇಟ್ಟುಕೊಂಡು ಇವನ್ನು ನೋಡಿ.

ಮೊದಲನೆಯದು ಒಂದನೇ ಕಾಲಿನ ಗುರುತಿಗೆ ಇರುವ ಗುಂಡಿ. ಅಚ್ಚಿನಲ್ಲೇ ಬಂದ ಗುಂಡಿಯ ಅಂಚು ಚೊಕ್ಕವಾಗಿರುತ್ತದೆ, ಆಳ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಮೇಲ್ಮೈ ಉಜ್ಜಿದ್ದರೆ ಗುಂಡಿ ತೆಳುವಾಗಿರುತ್ತದೆ, ಬಣ್ಣ ಬಳಿದಿದ್ದರೆ ತಳದಲ್ಲಿ ಬಣ್ಣ ನಿಂತಿರುತ್ತದೆ. ಹತ್ತು ಐಸಿಗಳನ್ನು ಸಾಲಾಗಿ ಜೋಡಿಸಿ ನೋಡಿದರೆ ಒಂದರಲ್ಲಿ ಆಳ, ಇನ್ನೊಂದರಲ್ಲಿ ಬರೀ ನೆರಳಿನಷ್ಟು. ಮೋಸ ಬೇಗ ಸಿಕ್ಕಿಬೀಳುವುದು ಇಲ್ಲೇ.

ಎರಡನೆಯದು ಮೇಲ್ಮೈ ಮತ್ತು ಪಕ್ಕಗಳ ತರಿ. ಮೇಲೆ, ಕೆಳಗೆ, ಪಕ್ಕದಲ್ಲಿ ಒಂದೇ ಎಪಾಕ್ಸಿ ಇದ್ದಂತೆ ಕಾಣಬೇಕು. ಮೇಲೆ ಮಾತ್ರ ನುಣುಪು ಅಥವಾ ಒಂದೇ ದಿಕ್ಕಿಗೆ ಗೀರುಗಳಿದ್ದರೆ ಅನುಮಾನಿಸಿ. ಐಸಿಯನ್ನು ಮಗುಚಿ ತಳವನ್ನೂ ನೋಡಿ. ಮೇಲೆ ಎಲ್ಲವಕ್ಕೂ ಒಂದೇ ಬ್ಯಾಚ್ ನಂಬರ್ ಇದ್ದು, ತಳದಲ್ಲಿ ಒಂದಕ್ಕೆ ಒಂದು ದೇಶದ ಹೆಸರು, ಮತ್ತೊಂದಕ್ಕೆ ಬೇರೆ ದೇಶದ ಹೆಸರು ಇದ್ದರೆ ಅವು ಬೇರೆಬೇರೆ ಕಡೆಯಿಂದ ಕಿತ್ತು ಒಟ್ಟು ಮಾಡಿದ ಹಳೆ ಐಸಿಗಳು.

ಕಾಲುಗಳೂ ಮಾತಾಡುತ್ತವೆ. ಹೊಸ ಐಸಿಯ ಕಾಲಿನ ತುದಿ ಕತ್ತರಿಸಿದ ಜಾಗದಲ್ಲಿ ಒಳಗಿನ ತಾಮ್ರದ ಬಣ್ಣ ಸಾಮಾನ್ಯವಾಗಿ ಇಣುಕುತ್ತದೆ. ಅದೂ ಬೆಳ್ಳಗೆ ಮುಚ್ಚಿಹೋಗಿ, ಕಾಲು ದಪ್ಪ ದಪ್ಪ ಹೊಳೆಯುತ್ತಿದ್ದರೆ ಮತ್ತೆ ತವರದಲ್ಲಿ ಅದ್ದಿದ್ದಾರೆ. ಕಾಲುಗಳು ಮೈ ಸೇರುವ ಸಂದಿನಲ್ಲಿ ಫ್ಲಕ್ಸ್ ಅಂಟು, ಸವೆತ, ನೆಟ್ಟಗೆ ಮಾಡಿದ ಬಾಗು ಕಂಡರೂ ಅಷ್ಟೇ.

ಅಸಿಟೋನ್ ಬಳಸುವಾಗ ಕಿಟಕಿ ತೆರೆದಿರಲಿ, ಬಿಸಿಯಾಗಿರುವ ಸೋಲ್ಡರಿಂಗ್ ಐರನ್ ಪಕ್ಕದಲ್ಲಿ ಬೇಡ. ಅದು ಥಟ್ಟನೆ ಹೊತ್ತಿಕೊಳ್ಳುವ ದ್ರವ.

ಪ್ರಶ್ನೆ: ಐಸಿ ಮೇಲಿನ ತಾರೀಖಿನಿಂದ ನಕಲಿ ಗುರುತಿಸಬಹುದೇ?

ಉತ್ತರ: ಕೆಲವೊಮ್ಮೆ. ನಾಲ್ಕಂಕಿಯ ಡೇಟ್ ಕೋಡ್‌ನಲ್ಲಿ ಸಾಮಾನ್ಯವಾಗಿ ಮೊದಲೆರಡು ವರ್ಷ, ಕೊನೆಯೆರಡು ವಾರ. 1432 ಎಂದರೆ 2014ರ 32ನೇ ವಾರ. ವಾರದ ಜಾಗದಲ್ಲಿ 53ಕ್ಕಿಂತ ದೊಡ್ಡ ಅಂಕಿ ಇದ್ದರೆ ಅದು ಡೇಟ್ ಕೋಡೇ ಅಲ್ಲ, ಇಲ್ಲವೇ ಸುಳ್ಳು. ಎಲ್ಲ ಕಂಪನಿಗಳೂ ಇದೇ ಕ್ರಮ ಅನುಸರಿಸುವುದಿಲ್ಲ, ಕೆಲವು ತಮ್ಮದೇ ಅಕ್ಷರ ಸಂಕೇತ ಬಳಸುತ್ತವೆ.

ಲೋಗೋ ಮತ್ತು ವರ್ಷವನ್ನು ಹೊಂದಿಸಿ ನೋಡುವುದು ಇನ್ನೂ ಒಳ್ಳೆಯದು. ನ್ಯಾಷನಲ್ ಸೆಮಿಕಂಡಕ್ಟರನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 2011ರಲ್ಲಿ ಕೊಂಡಿತು. ಇಂಟರ್‌ನ್ಯಾಷನಲ್ ರೆಕ್ಟಿಫೈಯರ್ 2015ರಲ್ಲಿ ಇನ್ಫಿನಿಯನ್ ಪಾಲಾಯಿತು, ಅಟ್ಮೆಲ್ 2016ರಲ್ಲಿ ಮೈಕ್ರೋಚಿಪ್ ಪಾಲಾಯಿತು. ಫೇರ್‌ಚೈಲ್ಡ್ ಅದೇ 2016ರಲ್ಲಿ ಆನ್ ಸೆಮಿಕಂಡಕ್ಟರಿಗೆ ಸೇರಿತು. ಮೋಟೊರೋಲಾದ ಸಾಮಾನ್ಯ ಟ್ರಾನ್ಸಿಸ್ಟರ್, ಐಸಿ ವ್ಯವಹಾರ 1999ರಲ್ಲೇ ಬೇರೆಯಾಗಿ ಆನ್ ಸೆಮಿಕಂಡಕ್ಟರ್ ಆಗಿತ್ತು. ಕೈ ಬದಲಾದ ಮರುದಿನವೇ ಲೋಗೋ ಬದಲಾಗುವುದಿಲ್ಲ, ವರ್ಷಗಟ್ಟಲೆ ಹಳೆ ಮುದ್ರೆಯಲ್ಲೇ ಬಂದ ಮಾಲೂ ಇದೆ. ಆದರೂ ಮೋಟೊರೋಲಾ ಗುರುತಿನ ಪವರ್ ಟ್ರಾನ್ಸಿಸ್ಟರ್ ಮೇಲೆ 2018ರ ಕೋಡ್ ಕಂಡರೆ ಹೆಚ್ಚು ಯೋಚಿಸಬೇಕಿಲ್ಲ.

ಪ್ರಶ್ನೆ: ಇನ್ವರ್ಟರ್ ರಿಪೇರಿಗೆ ಮಾಸ್‌ಫೆಟ್‌ಗಳನ್ನು ಡಜನ್‌ಗಟ್ಟಲೆ ತರುತ್ತೇವೆ. ಮನೆಯಲ್ಲಿರುವ ಸಾಮಾನಿನಿಂದ ಪರೀಕ್ಷಿಸುವ ದಾರಿ ಇದೆಯೇ?

ಉತ್ತರ: ಇದೆ. ಮಾಸ್‌ಫೆಟ್ ಎಂದರೆ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್. ಅದು ಪೂರ್ತಿ ಆನ್ ಆದಾಗ ಡ್ರೈನ್ ಮತ್ತು ಸೋರ್ಸ್ ನಡುವೆ ಎಷ್ಟು ಓಮ್ ಉಳಿಯುತ್ತದೆ ಎಂದು ನೋಡಬೇಕು. ಸಿಲಿಕಾನ್ ಸಣ್ಣದಾದಷ್ಟೂ ಈ ಓಮ್ ಜಾಸ್ತಿ. ನಕಲಿ ಮಾಡುವವರಿಗೆ ಇದನ್ನು ಮರೆಮಾಚಲು ಬರುವುದಿಲ್ಲ.

ಬೇಕಾದ್ದು 12 ವೋಲ್ಟ್ ಬ್ಯಾಟರಿ, ವಾಹನದ ಇಂಡಿಕೇಟರಿನ 12 ವೋಲ್ಟ್ 21 ವಾಟ್ ಬಲ್ಬ್, 9 ವೋಲ್ಟ್‌ನ ಹೊಸ ಬ್ಯಾಟರಿ, ಎರಡು ಮಲ್ಟಿಮೀಟರ್. 12 ವೋಲ್ಟ್‌ನ ಪಾಸಿಟಿವ್‌ನಿಂದ ಬಲ್ಬ್, ಬಲ್ಬಿನಿಂದ 10 ಆಂಪ್ ರೇಂಜಿನ ಮೀಟರ್, ಅಲ್ಲಿಂದ ಡ್ರೈನ್. ಸೋರ್ಸ್ ನೆಗೆಟಿವ್‌ಗೆ. 9 ವೋಲ್ಟ್‌ನ ನೆಗೆಟಿವ್ ಸೋರ್ಸ್‌ಗೆ, ಪಾಸಿಟಿವ್ ಗೇಟ್‌ಗೆ. ಬಲ್ಬ್ ಪೂರ್ತಿ ಉರಿಯುತ್ತದೆ. ಎರಡನೇ ಮೀಟರನ್ನು ಮಿಲಿವೋಲ್ಟ್ ರೇಂಜಿಗಿಟ್ಟು ಡ್ರೈನ್, ಸೋರ್ಸ್ ಕಾಲುಗಳ ಬುಡಕ್ಕೇ ಒತ್ತಿ. ಕಾಲಿನ ತುದಿಯಲ್ಲಿ ಅಥವಾ ಕ್ಲಿಪ್ಪಿನ ಮೇಲೆ ಒತ್ತಿದರೆ ಕಾಲು ಮತ್ತು ಕ್ಲಿಪ್ಪಿನ ಓಮ್ ಸೇರಿ ಅಸಲಿಯೂ ನಕಲಿಯಂತೆ ಕಾಣುತ್ತದೆ. ಎಷ್ಟೋ ಒಳ್ಳೆ ಮಾಲು ಈ ಒಂದು ತಪ್ಪಿನಿಂದ ವಾಪಸ್ ಹೋಗಿದೆ.

ಮಿಲಿವೋಲ್ಟನ್ನು ಆಂಪ್‌ನಿಂದ ಭಾಗಿಸಿದರೆ ಮಿಲಿಓಮ್. ಐಆರ್‌ಎಫ್‌ಜೆಡ್ 44ಎನ್‌ಗೆ ಡೇಟಾಶೀಟಿನ ಗರಿಷ್ಠ 17.5 ಮಿಲಿಓಮ್. ಅಂದರೆ 1.7 ಆಂಪ್ ಹರಿಯುವಾಗ 30 ಮಿಲಿವೋಲ್ಟಿನ ಒಳಗೇ ಇರಬೇಕು. ಐಆರ್‌ಎಫ್ 540ಎನ್‌ಗೆ ಗರಿಷ್ಠ 44 ಮಿಲಿಓಮ್, ಅದೇ ಕರೆಂಟಿಗೆ ಸುಮಾರು 75 ಮಿಲಿವೋಲ್ಟ್. ಈ ಗರಿಷ್ಠ ಅಂಕಿಗಳು ಗೇಟಿಗೆ 10 ವೋಲ್ಟ್ ಕೊಟ್ಟಾಗಿನವು, 9 ವೋಲ್ಟಿನಲ್ಲಿ ಕೂದಲೆಳೆಯಷ್ಟು ಹೆಚ್ಚು ಬಂದರೆ ತಲೆಕೆಡಿಸಿಕೊಳ್ಳಬೇಡಿ. ಎರಡು ಪಟ್ಟು ಬಂದರೆ ತಲೆಕೆಡಿಸಿಕೊಳ್ಳಿ.

ಇಲ್ಲೊಂದು ಬಲೆ ಇದೆ. ಕೊನೆಯಲ್ಲಿ ಎನ್ ಇಲ್ಲದ ಐಆರ್‌ಎಫ್‌ಜೆಡ್ 44 ಬೇರೆಯೇ ಭಾಗ, ಅದಕ್ಕೆ 28 ಮಿಲಿಓಮ್. ಎನ್ ಇಲ್ಲದ 540ಕ್ಕೆ 77 ಮಿಲಿಓಮ್. ಇವು ನಕಲಿಯಲ್ಲ, ಹಳೆಯ ತಲೆಮಾರಿನವು. ನಂಬರನ್ನು ಕೊನೆಯ ಅಕ್ಷರದವರೆಗೂ ಓದಿ, ಅದೇ ನಂಬರಿನ ಡೇಟಾಶೀಟ್ ತೆಗೆದುಕೊಂಡು ಹೋಲಿಸಿ.

ಡಜನ್ ಇದ್ದರೆ ಪ್ರತಿಯೊಂದನ್ನೂ ನೋಡಿ. ಒಂದೇ ಲಾಟಿನವಾದರೆ ಅಳತೆಗಳು ಹತ್ತಿರ ಹತ್ತಿರ ಬರುತ್ತವೆ. ಮೂರು ಒಂದು ಥರ, ಒಂಬತ್ತು ಇನ್ನೊಂದು ಥರ ಬಂದರೆ ಕಲಬೆರಕೆ. ಇನ್ವರ್ಟರಿನಲ್ಲಿ ಮಾಸ್‌ಫೆಟ್‌ಗಳು ಪಕ್ಕಪಕ್ಕ ಪ್ಯಾರಲಲ್ ಕೆಲಸ ಮಾಡುತ್ತವೆ. ಓಮ್ ಕಡಿಮೆ ಇರುವುದು ಹೆಚ್ಚು ಕರೆಂಟ್ ಎಳೆದುಕೊಳ್ಳುತ್ತದೆ, ಅಸಮವಾಗಿದ್ದಷ್ಟೂ ಇಡೀ ಸಾಲು ಅಪಾಯದಲ್ಲಿ. ಪರೀಕ್ಷೆ ದಾಟಿದ್ದನ್ನು ಬೋರ್ಡಿಗೆ ಹಾಕಿದ ಮೇಲೂ ಮೊದಲ ಸಲ ಸಪ್ಲೈಗೆ ಸೀರೀಸ್ ಬಲ್ಬ್ ಇಟ್ಟೇ ಆನ್ ಮಾಡಿ.

ಪ್ರಶ್ನೆ: ಡಯೋಡಿನ ಕಾಲಿಗೆ ಅಯಸ್ಕಾಂತ ಅಂಟಿದರೆ ನಕಲಿ ಎನ್ನುತ್ತಾರೆ. ನಿಜವೇ?

ಉತ್ತರ: ಅಲ್ಲ. ಗಾಜಿನ ಮೈಯ 1ಎನ್ 4148ರಂಥ ಸಣ್ಣ ಡಯೋಡುಗಳಿಗೆ ಒಳ್ಳೆಯ ಕಂಪನಿಗಳೇ ತಾಮ್ರ ಹೊದಿಸಿದ ಉಕ್ಕಿನ ತಂತಿ ಬಳಸುತ್ತವೆ. ಹಾಗೆಯೇ 1ಎನ್ 4007, ಎಲ್‌ಎಂ 317ರಂಥ ನಂಬರುಗಳನ್ನು ಹತ್ತಾರು ಕಂಪನಿಗಳು ತಂತಮ್ಮ ಹೆಸರಿನಲ್ಲೇ ತಯಾರಿಸುತ್ತವೆ. ಗೊತ್ತಿಲ್ಲದ ಬ್ರ್ಯಾಂಡ್ ಎಂದರೆ ನಕಲಿ ಎಂದಲ್ಲ. ಇನ್ನೊಬ್ಬರ ಹೆಸರು ಹಾಕಿಕೊಂಡಾಗ ನಕಲಿ.

ಪ್ರಶ್ನೆ: ಎಸ್‌ಎಂಪಿಎಸ್‌ಗೆ (ಸ್ವಿಚಿಂಗ್ ಬಗೆಯ ಪವರ್ ಸಪ್ಲೈಗೆ) ಹಾಕಿದ ಹೊಸ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಕೆಲವೇ ತಿಂಗಳಲ್ಲಿ ಉಬ್ಬುತ್ತಿವೆ. ಹೆಸರಾಂತ ಬ್ರ್ಯಾಂಡಿನವೇ. ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಕೆಪಾಸಿಟರಿನಲ್ಲಿ ದುಡ್ಡು ಬೀಳುವುದು ಒಳಗೆ ಸುತ್ತಿದ ಅಲ್ಯೂಮಿನಿಯಂ ಹಾಳೆಗೆ ಮತ್ತು ಎಲೆಕ್ಟ್ರೋಲೈಟಿಗೆ. ನಕಲಿಯಲ್ಲಿ ಮೂರು ಬಗೆ. ಕಡಿಮೆ ವೋಲ್ಟಿನ ಅಥವಾ ಸಾಧಾರಣ ದರ್ಜೆಯ ಕೆಪಾಸಿಟರಿಗೆ ಹೆಸರಾಂತ ಕಂಪನಿಯ ತೊಗಟೆ, ಅಂದರೆ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಕುವುದು ಒಂದು. ಹಳೆ ಬೋರ್ಡಿನದಕ್ಕೆ ಹೊಸ ತೊಗಟೆ ಹಾಕುವುದು ಇನ್ನೊಂದು. ದೊಡ್ಡ ಡಬ್ಬಿಯೊಳಗೆ ಸಣ್ಣ ಕೆಪಾಸಿಟರ್ ಇಟ್ಟು ಮುಚ್ಚುವುದು ಮೂರನೆಯದು. ಮೇಲೆ ತಳಕು, ಒಳಗೆ ಹುಳುಕು ಎಂಬ ಮಾತು ಈ ಮೂರನೆಯದಕ್ಕೆ ಅಕ್ಷರಶಃ ಒಪ್ಪುತ್ತದೆ.

ಮೊದಲು ತಯಾರಕರ ಸೀರೀಸ್ ಡೇಟಾಶೀಟ್ ತೆಗೆಯಿರಿ. ನಿಚಿಕಾನ್, ರುಬಿಕಾನ್, ಪ್ಯಾನಸಾನಿಕ್, ನಿಪ್ಪಾನ್ ಕೆಮಿಕಾನ್, ಯಾವುದೇ ಇರಲಿ, ಪ್ರತಿ ಸೀರೀಸಿಗೂ ಇಷ್ಟು ಮೈಕ್ರೋಫ್ಯಾರಡ್, ಇಷ್ಟು ವೋಲ್ಟಿಗೆ ಇಷ್ಟು ವ್ಯಾಸ, ಇಷ್ಟು ಎತ್ತರ ಎಂಬ ಪಟ್ಟಿ ಇರುತ್ತದೆ. ನಿಮ್ಮ ಕೈಯಲ್ಲಿರುವ ಅಳತೆ ಆ ಪಟ್ಟಿಯಲ್ಲೇ ಇಲ್ಲದಿದ್ದರೆ ಮುಂದೆ ನೋಡುವ ಅಗತ್ಯವಿಲ್ಲ. ತೊಗಟೆಯ ಮೇಲೆ ಸೀರೀಸಿನ ಎರಡಕ್ಷರವೇ ಇಲ್ಲದಿದ್ದರೂ ಅನುಮಾನಿಸಿ. ಮೈಕ್ರೋಫ್ಯಾರಡ್ ಅಳೆದರೆ ಹೆಚ್ಚಾಗಿ ಸರಿಯಾಗಿಯೇ ಬರುತ್ತದೆ, ಅಲ್ಲಿ ಪ್ಲಸ್ ಮೈನಸ್ 20 ಶೇಕಡ ಅವಕಾಶವಿದೆ. ನಕಲಿ ಸಿಕ್ಕಿಬೀಳುವುದು ಇಎಸ್‌ಆರ್‌ನಲ್ಲಿ (ಕೆಪಾಸಿಟರಿನ ಒಳಗಿನ ಓಮ್) ಮತ್ತು ಲೀಕೇಜಿನಲ್ಲಿ (ಒಳಗೆ ಸೋರುವ ಡಿಸಿ ಕರೆಂಟ್). ಇಎಸ್‌ಆರ್ ಮೀಟರ್ ಇದ್ದರೆ 100 ಕಿಲೋಹರ್ಟ್ಜ್‌ನಲ್ಲಿ ಅಳೆದು ಡೇಟಾಶೀಟಿನ ಇಂಪಿಡೆನ್ಸ್ ಕಾಲಮ್ಮಿಗೆ ಹೋಲಿಸಿ.

ಲೀಕೇಜ್ ನೋಡಲು ಇಎಸ್‌ಆರ್ ಮೀಟರ್ ಬೇಡ, ಮಲ್ಟಿಮೀಟರ್ ಸಾಕು. 1000 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್ ಎಂದಿಟ್ಟುಕೊಳ್ಳಿ. 1 ಕಿಲೋಓಮ್ ರೆಸಿಸ್ಟರ್ ಮೂಲಕ 25 ವೋಲ್ಟ್ ಕೊಡಿ, ಎರಡು ನಿಮಿಷ ಕಾಯಿರಿ, ರೆಸಿಸ್ಟರ್ ಮೇಲಿನ ವೋಲ್ಟ್ ಓದಿ. ಬಹಳಷ್ಟು ಸೀರೀಸುಗಳಲ್ಲಿ ಒಪ್ಪಿತ ಲೀಕೇಜ್ ಎಂದರೆ 0.01ನ್ನು ಮೈಕ್ರೋಫ್ಯಾರಡ್‌ನಿಂದಲೂ ವೋಲ್ಟ್‌ನಿಂದಲೂ ಗುಣಿಸಿದಷ್ಟು ಮೈಕ್ರೋಆಂಪ್. ಇಲ್ಲಿ 250 ಮೈಕ್ರೋಆಂಪ್, ರೆಸಿಸ್ಟರ್ ಮೇಲೆ 0.25 ವೋಲ್ಟ್. ಒಳ್ಳೆಯ ಹೊಸ ಕೆಪಾಸಿಟರ್ ಇದಕ್ಕಿಂತ ಎಷ್ಟೋ ಕೆಳಗಿರುತ್ತದೆ ಮತ್ತು ನೋಡನೋಡುತ್ತ ಇಳಿಯುತ್ತ ಹೋಗುತ್ತದೆ. 16 ವೋಲ್ಟಿನದಕ್ಕೆ 25ರ ತೊಗಟೆ ಹಾಕಿದ್ದರೆ ಒಂದು ಹಂತದ ಮೇಲೆ ಇಳಿಯುವುದೇ ಇಲ್ಲ, ಮೈ ಬೆಚ್ಚಗಾಗುತ್ತದೆ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಅಸಲಿಯೂ ಮೊದಲ ಕೆಲವು ನಿಮಿಷ ಹೆಚ್ಚು ಲೀಕ್ ತೋರಿಸಿ ಆಮೇಲೆ ಹದಕ್ಕೆ ಬರುತ್ತದೆ. ಅದಕ್ಕೆ ಹತ್ತು ನಿಮಿಷ ಕೊಟ್ಟು ನೋಡಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಪ್ಲಸ್ ಮೈನಸ್ ಎರಡು ಸಲ ನೋಡಿ. 450 ವೋಲ್ಟಿನವಕ್ಕೂ ತತ್ವ ಇದೇ. ಆದರೆ ಅಷ್ಟು ವೋಲ್ಟಿನಲ್ಲಿ ಕೈ ಪಳಗದವರು ಈ ಪರೀಕ್ಷೆಗೆ ಹೋಗಬೇಡಿ.

ಮತ್ತೊಂದು ಮಾತು. ಅಸಲಿಯನ್ನೇ ಹಾಕಿದರೂ ಎಸ್‌ಎಂಪಿಎಸ್‌ನ ಔಟ್‌ಪುಟ್ ಭಾಗಕ್ಕೆ ಕಡಿಮೆ ಇಎಸ್‌ಆರ್ ಸೀರೀಸಿನ ಬದಲು ಸಾಮಾನ್ಯ ಸೀರೀಸ್ ಹಾಕಿದರೆ ತಿಂಗಳುಗಳಲ್ಲಿ ಉಬ್ಬುತ್ತದೆ. ನಿಮ್ಮ ಪ್ರಕರಣದಲ್ಲಿ ಅದೂ ಆಗಿರಬಹುದು. ಕಿತ್ತ ಹಳೆಯದರ ಸೀರೀಸ್ ಅಕ್ಷರ ಮೊದಲು ನೋಡಿ.

ಪ್ರಶ್ನೆ: ಎನ್‌ಇ 5532 ಹೆಸರಿನಲ್ಲಿ ಬೇರೆ ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಐಸಿ) ಬರುತ್ತದಂತೆ. ಆಸಿಲೋಸ್ಕೋಪ್ ಇಲ್ಲದೆ ಪತ್ತೆ ಮಾಡಬಹುದೇ?

ಉತ್ತರ: 5532ಕ್ಕೆ ಒಂದು ಹುಟ್ಟುಮಚ್ಚೆ ಇದೆ. ಅದರ ಎರಡು ಇನ್‌ಪುಟ್‌ಗಳ ನಡುವೆ ಎದುರುಬದುರಾಗಿ ಎರಡು ಡಯೋಡುಗಳು ಒಳಗೇ ಇವೆ. ಬೋರ್ಡಿಗೆ ಹಾಕುವ ಮುಂಚೆ ಮಲ್ಟಿಮೀಟರನ್ನು ಡಯೋಡ್ ರೇಂಜಿಗಿಟ್ಟು 2 ಮತ್ತು 3ನೇ ಕಾಲಿನ ನಡುವೆ ನೋಡಿ, ಪ್ರೋಬ್ ಅದಲುಬದಲು ಮಾಡಿಯೂ ನೋಡಿ. ಎರಡೂ ದಿಕ್ಕಿಗೆ 0.6, 0.7 ವೋಲ್ಟ್ ಆಸುಪಾಸು ಬರಬೇಕು. 5 ಮತ್ತು 6ರ ನಡುವೆಯೂ ಹಾಗೇ. 4558, ಟಿಎಲ್ 072, ಎಲ್‌ಎಂ 358ರಲ್ಲಿ ಆ ಡಯೋಡುಗಳಿಲ್ಲ, ಮೀಟರ್ ಓಪನ್ ತೋರಿಸುತ್ತದೆ.

ಎರಡನೆಯದು ಸಪ್ಲೈ ಕರೆಂಟ್. ಪ್ಲಸ್ ಮೈನಸ್ 15 ವೋಲ್ಟ್ ಕೊಟ್ಟು, ಎರಡೂ ಭಾಗಗಳ ಔಟ್‌ಪುಟ್ಟನ್ನು ಅದರದೇ ಮೈನಸ್ ಇನ್‌ಪುಟ್‌ಗೆ ಸೇರಿಸಿ, ಪ್ಲಸ್ ಇನ್‌ಪುಟ್ ಗ್ರೌಂಡಿಗೆ. 5532 ಸಾಮಾನ್ಯವಾಗಿ 8 ಮಿಲಿಆಂಪ್ ಎಳೆಯುತ್ತದೆ. ಅದರ ಅರ್ಧಕ್ಕಿಂತ ಕಡಿಮೆ ಎಳೆದರೆ ಬೇರೆ ಯಾವುದೋ ಐಸಿ.

ಪ್ರಶ್ನೆ: ಯುಎಸ್‌ಬಿ ಸೀರಿಯಲ್ ಕೇಬಲ್ ಒಂದು ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತದೆ, ಇನ್ನೊಂದರಲ್ಲಿ ಇಲ್ಲ. ಒಳಗಿನ ಚಿಪ್ ನಕಲಿ ಇರಬಹುದೇ?

ಉತ್ತರ: ಇರಬಹುದು. ಇಂಥ ಕೇಬಲ್‌ಗಳಲ್ಲಿ ಬಳಸುವ ಎಫ್‌ಟಿ 232ಆರ್‌ಎಲ್ ಚಿಪ್ಪಿನ ಕಥೆ ಹೆಸರುವಾಸಿ. ಅದರ ನಕಲಿಗಳಲ್ಲಿ ಒಂದು, ಅಸಲಿಯಂತೆ ನಟಿಸುವ ಪ್ರೋಗ್ರಾಂ ತುಂಬಿದ ಬೇರೆಯೇ ಮೈಕ್ರೋಕಂಟ್ರೋಲರ್. 2014ರ ಅಕ್ಟೋಬರಿನಲ್ಲಿ ತಯಾರಕರಾದ ಎಫ್‌ಟಿಡಿಐನ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದು ನಕಲಿ ಚಿಪ್ಪುಗಳ ಪ್ರಾಡಕ್ಟ್ ಐಡಿಯನ್ನು (ಕಂಪ್ಯೂಟರ್ ಚಿಪ್ಪನ್ನು ಗುರುತಿಸುವ ಅಂಕಿ) 6001ರಿಂದ ಸೊನ್ನೆಗೆ ತಿದ್ದಿತು. ಕೇಬಲ್ ಕೊಂಡವರೇ ಶಿಕ್ಷೆ ಅನುಭವಿಸುವಂತಾಗಿ ಗಲಾಟೆ ಎದ್ದ ಮೇಲೆ ಆ ಡ್ರೈವರನ್ನು ವಾಪಸ್ ತೆಗೆದುಕೊಂಡರು. ಡಿವೈಸ್ ಮ್ಯಾನೇಜರಿನಲ್ಲಿ ಪ್ರಾಡಕ್ಟ್ ಐಡಿ 0000 ಕಂಡರೆ ಅದೇ ಪೆಟ್ಟು ತಿಂದ ಚಿಪ್. ಇನ್ನೊಂದು ಸುಳಿವು ಸೀರಿಯಲ್ ನಂಬರ್. ಅಸಲಿ ಚಿಪ್ಪುಗಳು ಒಂದೊಂದೂ ತನ್ನದೇ ನಂಬರ್ ಹೊತ್ತು ಬರುತ್ತವೆ. ನಿಮ್ಮ ಎರಡು ಕೇಬಲ್‌ಗಳು ಒಂದೇ ನಂಬರ್ ಹೇಳುತ್ತಿದ್ದರೆ ಉತ್ತರ ಸಿಕ್ಕಿತು.

ಪ್ರಶ್ನೆ: 18650 ಸೆಲ್ ಮೇಲೆ 9900 ಎಂಎಎಚ್ ಎಂದಿದೆ. ನಂಬಬಹುದೇ?

ಉತ್ತರ: ಇಲ್ಲ. ಹೆಸರಾಂತ ಕಂಪನಿಗಳ ಈ ಅಳತೆಯ ಸೆಲ್‌ಗಳೇ 3500ರ ಆಸುಪಾಸಿಗೆ ನಿಲ್ಲುತ್ತವೆ. ಅವು 45ರಿಂದ 50 ಗ್ರಾಂ ತೂಗುತ್ತವೆ. 40 ಗ್ರಾಂಗಿಂತ ಕಡಿಮೆ ಬಂದರೆ ಒಳಗೆ ಸರಕೇ ಇಲ್ಲ. 4.2 ವೋಲ್ಟಿಗೆ ಚಾರ್ಜ್ ಮಾಡಿ ಅರ್ಧ ಆಂಪ್‌ನಲ್ಲಿ ಖಾಲಿ ಮಾಡಿದರೆ 3000 ಎಂಎಎಚ್ ಸೆಲ್ 6 ಗಂಟೆ ಬಾಳಬೇಕು.

ಪ್ರಶ್ನೆ: ಎಕ್ಸ್2, ವೈ2 ಎಂದು ಬರೆದ ಕೆಪಾಸಿಟರ್‌ಗಳು ಮತ್ತು ಫ್ಯೂಸ್‌ಗಳನ್ನು ಮನೆಯಲ್ಲಿ ಪರೀಕ್ಷಿಸುವ ವಿಧಾನ ತಿಳಿಸಿ.

ಉತ್ತರ: ವಿಧಾನವಿಲ್ಲ, ಪ್ರಯತ್ನಿಸಲೂ ಬೇಡಿ. ವೈ ಕೆಪಾಸಿಟರ್ ಕೂರುವುದು ಮೇನ್ಸ್ ಮತ್ತು ನೀವು ಮುಟ್ಟುವ ಲೋಹದ ನಡುವೆ. ಅದು ಶಾರ್ಟ್ ಆದರೆ ಉಪಕರಣದ ಮೈಗೆ ಕರೆಂಟ್. ಐಇಸಿ 60384-14 ಮಾನದಂಡದ ಪ್ರಕಾರ ವೈ2 ಕೆಪಾಸಿಟರ್ 5 ಕಿಲೋವೋಲ್ಟಿನ ಕ್ಷಣಿಕ ಹೊಡೆತವನ್ನೂ ವೈ1 ಕೆಪಾಸಿಟರ್ 8 ಕಿಲೋವೋಲ್ಟನ್ನೂ ತಾಳಬೇಕು. ಮೀಟರಿನಲ್ಲಿ ಮೈಕ್ರೋಫ್ಯಾರಡ್ ಸರಿ ಬಂದ ಮಾತ್ರಕ್ಕೆ ಇದರ ಬಗ್ಗೆ ಏನೂ ತಿಳಿಯುವುದಿಲ್ಲ. ನಕಲಿಯ ಮೈಮೇಲಿದ್ದರೆ ವಿಡಿಇ, ಯುಎಲ್ ಎಂಬ ಸುರಕ್ಷತಾ ಗುರುತುಗಳೂ ಬರೀ ಶಾಯಿ.

ಫ್ಯೂಸ್ ಕೂಡ ಹಾಗೇ. ಸರಿಯಾದ ಕರೆಂಟಿಗೆ ಕರಗಿದರೆ ಸಾಲದು, ದೊಡ್ಡ ಶಾರ್ಟ್ ಆದಾಗ ಒಳಗೆ ಎದ್ದ ಕಿಡಿಯನ್ನು ನಂದಿಸಬೇಕು. ಮಲ್ಟಿಮೀಟರಿನೊಳಗಿನ ಮರಳು ತುಂಬಿದ ಸೆರಾಮಿಕ್ ಫ್ಯೂಸಿನ ಜಾಗಕ್ಕೆ ಗಾಜಿನ ಫ್ಯೂಸ್ ಹಾಕುವವರನ್ನು ಕಂಡರೆ ತಡೆಯಿರಿ. ಈ ಎರಡು ಸಾಮಾನು, ಜೊತೆಗೆ ಎಸ್‌ಎಂಪಿಎಸ್‌ನಲ್ಲಿ ಮೇನ್ಸ್ ಭಾಗವನ್ನು ಬೇರೆಯಾಗಿಟ್ಟು ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಆಪ್ಟೋಕಪ್ಲರ್, ಇವನ್ನು ತಯಾರಕರ ಅಧಿಕೃತ ವಿತರಕರಿಂದ ಮಾತ್ರ ಕೊಳ್ಳಿ.

ಪ್ರಶ್ನೆ: ಅಧಿಕೃತ ವಿತರಕ ಎಂದರೆ ಯಾರು? ಹಳೆಯ, ಉತ್ಪಾದನೆ ನಿಂತ ಭಾಗಗಳು ಅಲ್ಲಿ ಸಿಗುವುದಿಲ್ಲವಲ್ಲ?

ಉತ್ತರ: ತಯಾರಕರಿಂದ ನೇರವಾಗಿ ಮಾಲು ತರಿಸುವವರು. ತಯಾರಕರ ವೆಬ್‌ಸೈಟಿನಲ್ಲಿ ಅವರ ಪಟ್ಟಿ ಇರುತ್ತದೆ, ಅಂಗಡಿಯವರ ಮಾತಿಗಿಂತ ಆ ಪಟ್ಟಿ ನಂಬಿ. ಡಿಜಿಕೀ, ಮೌಸರ್, ಫಾರ್ನೆಲ್, ಆರ್‌ಎಸ್ ಇಂಥವು. ಡಿಜಿಕೀಯಂಥ ಕಡೆಯೂ ಹೊರಗಿನವರು ಮಾರುವ ವಿಭಾಗ ಬೇರೆ ಇರುತ್ತದೆ, ಆರ್ಡರ್ ಹಾಕುವಾಗ ಮಾರುವವರು ಯಾರು ಎಂದು ನೋಡಿ. ಉತ್ಪಾದನೆ ನಿಂತ ಐಸಿಗಳ ಉಳಿದ ದಾಸ್ತಾನನ್ನು ತಯಾರಕರಿಂದಲೇ ಪಡೆದು ಮಾರುವ ರೋಚೆಸ್ಟರ್ ಎಲೆಕ್ಟ್ರಾನಿಕ್ಸ್‌ನಂಥ ಕಂಪನಿಗಳೂ ಇವೆ.

ಅಲ್ಲೂ ಇಲ್ಲವೆಂದರೆ ಹಳೆ ನಂಬರಿನ ಬೆನ್ನು ಹತ್ತುವುದನ್ನು ಬಿಡಿ. ಈಗಲೂ ತಯಾರಾಗುವ ಸಮಾನ ಭಾಗ ಹುಡುಕಿ. ತೋಷಿಬಾದ 2ಎಸ್‌ಕೆ 170 ಟ್ರಾನ್ಸಿಸ್ಟರಿನ ಉತ್ಪಾದನೆ ನಿಂತಿದೆ, ಅದರ ಜಾಗಕ್ಕೆಂದೇ ಲೀನಿಯರ್ ಸಿಸ್ಟಮ್ಸ್ ಎಲ್‌ಎಸ್‌ಕೆ 170 ತಯಾರಿಸುತ್ತದೆ. ಹಳೆಯ ಸ್ಯಾನ್ಯೋ ಎಸ್‌ಟಿಕೆ ಆಂಪ್ಲಿಫೈಯರ್ ಮಾಡ್ಯೂಲ್‌ಗಳಂಥ ಬದಲಿಯೇ ಇಲ್ಲದ ಭಾಗಕ್ಕೆ, ಹೊಳೆಯುವ ಹೊಸ ಮಾಲಿಗಿಂತ ಹಳೆ ಸೆಟ್ಟಿನಿಂದ ಕಿತ್ತದ್ದೇ ಮೇಲು. ಮಾರುವವರು ಕಿತ್ತ ಮಾಲು ಎಂದು ಬಾಯಿಬಿಟ್ಟು ಹೇಳಿದರೆ ಅದು ಮೋಸವಲ್ಲ. ಬೆಸುಗೆಯ ಗುರುತು, ಒಣಗಿದ ಪೇಸ್ಟ್ ಇದ್ದರೆ ಗಾಬರಿ ಬೇಡ. ದಶಕಗಳ ಹಿಂದೆ ನಿಂತುಹೋದ ನಂಬರನ್ನು ಎಷ್ಟು ಬೇಕಾದರೂ ಕೊಡುತ್ತೇನೆ ಎನ್ನುವವರ ಬಗ್ಗೆ ಗಾಬರಿಯಾಗಿ.

2012ರಲ್ಲಿ ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿಯವರು ಗುಟ್ಟಾಗಿ ಇಂಟರ್ನೆಟ್ ಮಾರಾಟಗಾರರಿಂದ 16 ಮಿಲಿಟರಿ ದರ್ಜೆಯ ಭಾಗಗಳನ್ನು ತರಿಸಿದ್ದರು. ಒಂದೂ ಅಸಲಿ ಇರಲಿಲ್ಲ. ಅವುಗಳಲ್ಲಿ ನಾಲ್ಕರ ನಂಬರನ್ನು ಕಚೇರಿಯವರೇ ಕಲ್ಪಿಸಿಕೊಂಡಿದ್ದರು, ಅಂಥ ಭಾಗ ಜಗತ್ತಿನಲ್ಲೇ ಇರಲಿಲ್ಲ. ಅವೂ ಪಾರ್ಸೆಲ್‌ನಲ್ಲಿ ಬಂದವು! ಈ ಉಪಾಯ ನಿಮಗೂ ಬರುತ್ತದೆ. ಹೊಸ ಮಾರಾಟಗಾರರಲ್ಲಿ ಒಂದಂಕಿ ಬದಲಿಸಿ, ಇಲ್ಲದ ನಂಬರನ್ನು ಕೇಳಿ ನೋಡಿ. ಇದೆ ಎಂದರೆ ಅಲ್ಲಿಗೆ ವ್ಯವಹಾರ ಮುಗಿಸಿ.

ಪ್ರಶ್ನೆ: ನಕಲಿ ಎಂದು ಗೊತ್ತಾದ ಮೇಲೆ ಮಾರಿದವರು ಒಪ್ಪುವುದಿಲ್ಲ. ಏನು ಸಾಕ್ಷಿ ಇಟ್ಟುಕೊಳ್ಳಬೇಕು?

ಉತ್ತರ: ಬೆಸುಗೆ ಹಾಕಿದ ಭಾಗವನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ, ನೀವೇ ಸುಟ್ಟಿರಿ ಎನ್ನುತ್ತಾರೆ. ಆದ್ದರಿಂದ ಸಾಕ್ಷಿಯೆಲ್ಲ ಬೋರ್ಡಿಗೆ ಹಾಕುವ ಮುಂಚಿನದಾಗಿರಬೇಕು. ಪೊಟ್ಟಣ ತೆರೆಯುವಾಗಲೇ ಲೇಬಲಿನ ಫೋಟೋ ತೆಗೆಯಿರಿ. ಲೇಬಲಿನ ಬಾರ್‌ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ, ಅದರೊಳಗಿನ ನಂಬರ್ ಮತ್ತು ಮೇಲೆ ಅಚ್ಚಾದ ನಂಬರ್ ಬೇರೆಯಾಗಿದ್ದರೆ ಆ ಸ್ಕ್ರೀನನ್ನೂ ಉಳಿಸಿ. ಮೇಲೆ ಹೇಳಿದ ಅಳತೆಗಳನ್ನು ಮೀಟರಿನ ಅಂಕಿ, ಭಾಗದ ನಂಬರ್ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಹಿಡಿಯಿರಿ, ಪಕ್ಕದಲ್ಲಿ ಡೇಟಾಶೀಟಿನ ಅದೇ ಸಾಲು.

ಕೊನೆಗೂ ಜಗ್ಗದಿದ್ದರೆ ಒಂದನ್ನು ಒಡೆದು ಒಳಗಿನ ಸಿಲಿಕಾನ್ ತೋರಿಸಬಹುದು. 2ಎನ್ 3055ರಂಥ ಲೋಹದ ಟೋಪಿಯವನ್ನು ಅಂಚಿನಲ್ಲಿ ಅರದಿಂದ ಉಜ್ಜಿದರೆ ಟೋಪಿ ಬಿಡುತ್ತದೆ, ಸ್ಕೇಲ್ ಪಕ್ಕದಲ್ಲಿಟ್ಟು ಅಸಲಿಯ ಜೊತೆ ಫೋಟೋ ತೆಗೆದರೆ ವಾದವೇ ಉಳಿಯುವುದಿಲ್ಲ. ಪ್ಲಾಸ್ಟಿಕ್ಕಿನವನ್ನು ಬಟ್ಟೆಯಲ್ಲಿ ಸುತ್ತಿ ಇಕ್ಕಳದಿಂದ ಒಡೆಯಿರಿ, ಬೆಂಕಿಯಲ್ಲಿ ಸುಡಬೇಡಿ, ಹೊಗೆ ವಿಷ. ಬಿಳಿ ಸೆರಾಮಿಕ್ ಇರುವ ರೇಡಿಯೋ ಟ್ರಾನ್ಸ್‌ಮಿಟರ್ ಪವರ್ ಟ್ರಾನ್ಸಿಸ್ಟರುಗಳನ್ನು ಮಾತ್ರ ಯಾವ ಕಾರಣಕ್ಕೂ ಒಡೆಯುವುದಾಗಲಿ ಅರ ಹಾಕುವುದಾಗಲಿ ಬೇಡ. ಆ ಸೆರಾಮಿಕ್ ಬೆರಿಲಿಯಂ ಆಕ್ಸೈಡ್ ಆಗಿರಬಹುದು, ಅದರ ಪುಡಿ ಶ್ವಾಸಕೋಶಕ್ಕೆ ಮಾರಕ. ಒಡೆದ ಪೀಸಿನ ಫೋಟೋ ಮಾತ್ರ ಕಳಿಸಿ, ಪೀಸು ನಿಮ್ಮಲ್ಲೇ ಇರಲಿ.